ಎಡಗೈ ಮೇಲೆ ನಿಂತ ವಾಕ್ಯ

ಹೋದ ವಾರ ಹಣಕೋಣದಲ್ಲಿ ಮಂಗಲಾಳ ಮನೆಗೆ ಹೋಗಿದ್ದೆ. ಕೆಸರಾದ ಕಾಲು ತೊಳೆಯಲೆಂದು ಬಚ್ಚಲಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಹಂಡೆಯ ಒಲೆಯ ಮೇಲಿನ ಅಟ್ಟದಿಂದ ಆ ವಾಸನೆ ಬಂತು. ಹೊಗೆ, ಸಾರಿನ ಹುಳಿಗೆಂದು ಒಣಗಿಸಿದ ಮುರುಗಲ ಸಿಪ್ಪೆ, ತೆಂಗಿನಕಾಯಿ, ಮಳೆಗಾಲವಿಡೀ ಪೂರ್ತಿ ಒಣಗದ ಬಟ್ಟೆ, ಎಲ್ಲ ಸೇರಿದ ವಾಸನೆ. ಮಲ್ಲಾಪುರದ ನಮ್ಮ ಕ್ವಾರ್ಟರ್ಸಿನಲ್ಲಿ ಇಂಥ ಅಟ್ಟವಿಲ್ಲ. ಗೀಸರ್ ಇದೆ, ಅದಕ್ಕೆ ಯಾವ ವಾಸನೆಯೂ ಇಲ್ಲ. ನಮ್ಮ ಕಡೆ ಹುಟ್ಟಿದ ಯಾರಿಗಾದರೂ ಅದು ಅಜ್ಜಿಮನೆಯ ವಾಸನೆ, ಹಸಿವಾಗುವ ವಾಸನೆ. ನನಗೆ ಮಾತ್ರ ಅದು ಬಂದೊಡನೆ ಅಂಕೋಲೆಯ ಒಂದು ಬಚ್ಚಲು ನೆನಪಾಗುತ್ತದೆ.

"ಎಂತ ಮಾಡ್ತೆ ಅಲ್ಲಿ? ಕಾಲು ತೊಳೂಕೆ ಹೋಗಿ ಮಿಂದೇ ಬರ್ತೆ ಏನೆ?" ಎಂದು ಹೊರಗಿನಿಂದ ಮಂಗಲಾ ಕೂಗಿದಳು.

ಮಂಗಲಾ ನನಗೆ ಪರಿಚಯವಾದದ್ದು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ, ಕಾರವಾರದ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ. ಕಾಲೇಜಿನಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಪಾಠ ಮಾಡುತ್ತಿದ್ದ ನನಗೆ ಆ ವರ್ಷ ಗುತ್ತಿಗೆ ಮುಂದುವರಿಯಲಿಲ್ಲ. ಮನೆಯಲ್ಲಿ ಕೂತು ಆಯಿಯ ಬಾಯಿಗೆ ಬೀಳುವುದಕ್ಕಿಂತ ಯಾವುದಾದರೂ ಕೆಲಸ ಲೇಸು ಎಂದುಕೊಂಡಿದ್ದಾಗ ಗಾಂವಕರ ಸರ್ ಹೇಳಿಕಳಿಸಿದರು.

ಸರ್ ಅಂಕೋಲೆಯವರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಸುಮ್ಮನಿರಲಾರದೆ ಕಾರವಾರ, ಅಂಕೋಲೆಯ ಸುದ್ದಿಗಳಿಗಾಗಿ ಆ ಮಹಡಿಯಿಂದ ಒಂದು ಜಾಲತಾಣ ನಡೆಸುತ್ತಿದ್ದರು. ಎಲ್ಲಿ ಗುಡ್ಡ ಜರಿಯಿತು, ಯಾವ ದೋಣಿ ಮಗುಚಿತು, ಯಾರ ಕೊಟ್ಟಿಗೆಗೆ ಚಿರತೆ ನುಗ್ಗಿತು, ಎಲ್ಲವನ್ನೂ ತಾವೇ ಬರೆಯುತ್ತಿದ್ದರು. ಮಂಗಲಾ ಹಾರವಾಡದಿಂದ ದಿನಾ ಬಂದು ಅದನ್ನೆಲ್ಲ ಟೈಪ್ ಮಾಡಿ ಹಾಕುತ್ತಿದ್ದಳು. ಅವಳು ಆ ಕೆಲಸಕ್ಕೆ ಸೇರಿ ಆಗ ಒಂದು ವರ್ಷವಾಗಿತ್ತಷ್ಟೇ. ಸರ್‌ಗೆ ಕಣ್ಣು ಮಂಜಾಯಿತು, ಓಡಾಟ ಕಷ್ಟವಾಯಿತು. ತಾಣದ ಅವಧಿ ಆಷಾಢದ ಕೊನೆಗೆ ಮುಗಿಯುವುದಿತ್ತು. ಇನ್ನು ಮುಂದುವರಿಸುವುದಿಲ್ಲ ಎಂದರು. ಅವರ ಹಳೆಯ ಶಿಷ್ಯನೊಬ್ಬ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ. ಮುಚ್ಚುವ ಮೊದಲು ಎಲ್ಲ ಸುದ್ದಿಗಳ ಶೀರ್ಷಿಕೆ, ಸಾರಾಂಶ, ದಿನಾಂಕ, ಇಷ್ಟನ್ನು ತೆಗೆದು ಒಂದು ಸೂಚಿ ಮಾಡಿಕೊಡಿ ಎಂದು ಕೇಳಿಕೊಂಡಿದ್ದ. ನನ್ನ ಕೆಲಸ ಅದು.

ಇದು ಕೇಳಲು ದೊಡ್ಡದು, ಮಾಡಲು ಸಣ್ಣದು. ಜಾಲತಾಣದ ಪ್ರತಿ ಪುಟಕ್ಕೂ ಓದುಗರ ಕಣ್ಣಿಗೆ ಬೀಳದ ಒಂದು ತಲೆಭಾಗ ಇರುತ್ತದೆ. ಪುಟದ ಹೆಸರೇನು, ಒಳಗೆ ಏನಿದೆ, ಬರೆದವರು ಯಾರು, ಹಾಕಿದ್ದು ಯಾವಾಗ ಎಂಬುದನ್ನು ಅಲ್ಲಿ ಗುರುತು ಮಾಡಿಟ್ಟಿರುತ್ತಾರೆ. ನಾವು ಓದುವ ಸುದ್ದಿ ಅದರ ಕೆಳಗಿನ ಒಡಲಿನಲ್ಲಿ. ಆ ತಲೆಭಾಗವನ್ನು ಬಿಡಿಸಿ ಓದಲು ಪ್ರೋಗ್ರಾಮಿನಲ್ಲಿ ಲೈಬ್ರರಿಗಳಿರುತ್ತವೆ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಸಿದ್ಧ ಕೋಡು. ಪುಟದ ವಿಳಾಸ ಕೊಟ್ಟರೆ ಸಾಕು, ಬೇಕಾದ್ದನ್ನು ಹೆಕ್ಕಿ ತಟ್ಟೆಗೆ ಹಾಕುತ್ತದೆ. ಇದನ್ನೆಲ್ಲ ನಾನು ಪಾಠದ ಧಾಟಿಯಲ್ಲಿ ವಿವರಿಸಿದಾಗ ಮಂಗಲಾ ಕೇಳಿದಳು.

"ಅಂದ್ರೆ ಮದುವೆ ಕಾಗದ ಓದೂದು, ಊಟಕ್ಕೆ ಹೋಗೂದಿಲ್ಲ. ಹೌದಾ?"

"ಊಟ ನಿಮ್ಮ ಸರ್ ಕಪಾಟಿನಲ್ಲಿ ಇದೆಯಂತೆ, ಬೇಕಾದಾಗ ಉಣ್ಣಬಹುದು," ಎಂದೆ ನಾನು.

ಅದು ನಿಜವೂ ಆಗಿತ್ತು. ಇಡೀ ತಾಣದ ನಕಲು ಒಂದು ಹಾರ್ಡ್ ಡಿಸ್ಕಿನಲ್ಲಿ ಅಂಕೋಲೆಯ ತಮ್ಮ ಮನೆಯಲ್ಲಿ ಭದ್ರವಾಗಿದೆ ಎಂದು ಸರ್ ಹೇಳಿದ್ದರು. ಹಾಗಾಗಿ ಒಡಲಿನ ಚಿಂತೆ ನಮಗಿರಲಿಲ್ಲ. ಇದ್ದದ್ದು ಮಳೆಯ ಚಿಂತೆ. ಆ ವರ್ಷ ಮಳೆ ಕಾರವಾರದ ಮೇಲೆ ಸಿಟ್ಟು ತೀರಿಸಿಕೊಳ್ಳುವ ಹಾಗೆ ಬಿತ್ತು. ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿತ್ತು. ತಾಣ ಇದ್ದ ಸರ್ವರ್ ಬೇರೆ ಮುದಿಯಾಗಿತ್ತು. ಚಿತ್ರಗಳಿಂದ ತುಂಬಿದ ಪುಟಗಳನ್ನು ಒಂದರ ಮೇಲೊಂದು ಕೇಳಿದರೆ ಮುನಿಸಿಕೊಂಡು ಬಾಗಿಲು ಹಾಕಿಬಿಡುತ್ತಿತ್ತು.

ನಾನೊಂದು ಉಪಾಯ ಮಾಡಿದೆ. ಪುಟ ಪೂರ್ತಿ ಇಳಿಯುವವರೆಗೆ ಕಾಯುವುದೇಕೆ? ತಲೆಭಾಗ ಮುಗಿಯಿತು ಎಂಬ ಗುರುತು ಕಂಡೊಡನೆ ಸಂಪರ್ಕ ಕಡಿದು ಮುಂದಿನ ಪುಟಕ್ಕೆ ಹೋಗುವಂತೆ ಪ್ರೋಗ್ರಾಂ ಬರೆದೆ. ಕೆಲಸ ಸರಸರ ಸಾಗಿತು. ಮಳೆಯ ನಡುವೆ ಸಿಗುವ ಸ್ವಲ್ಪ ಹೊತ್ತಿನಲ್ಲೇ ತಿಂಗಳುಗಳ ಸುದ್ದಿ ಸಾಲಾಗಿ ಬಂದು ಕೂತಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಅವತ್ತು ಮಂಗಲಾಗೆ ಚಹಾ ಕೊಡಿಸಿದೆ. ಆ ಚಹಾ ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಸಾರಾಂಶಗಳು ಮಾತ್ರ ನಗು ತರಿಸುತ್ತಿದ್ದವು. ಸರ್ ಪ್ರತ್ಯೇಕವಾಗಿ ಸಾರಾಂಶ ಬರೆದವರಲ್ಲ. ಸುದ್ದಿಯ ಮೊದಲ ಒಂದೆರಡು ಸಾಲುಗಳನ್ನು ತಾಣವೇ ಎತ್ತಿಕೊಂಡು, ಇಷ್ಟು ಅಕ್ಷರವಾಯಿತು ಎಂದೊಡನೆ ಮೂರು ಚುಕ್ಕಿ ಇಟ್ಟು ತಲೆಭಾಗಕ್ಕೆ ಹಾಕುತ್ತಿತ್ತು. ಸರ್ ಕನ್ನಡ ಮೇಷ್ಟ್ರು. ಪೀಠಿಕೆಯಿಲ್ಲದೆ ಅವರಿಂದ ಒಂದು ಹಾವು ಕಚ್ಚಿದ ಸುದ್ದಿಯೂ ಹೊರಬೀಳುತ್ತಿರಲಿಲ್ಲ. "ಒಂದೆಡೆ ಸಹ್ಯಾದ್ರಿ, ಇನ್ನೊಂದೆಡೆ ಅರಬ್ಬಿ ಸಮುದ್ರ, ನಡುವೆ ನಿಸರ್ಗದ ಮಡಿಲಲ್ಲಿ ಮಲಗಿರುವ ಈ ಪುಟ್ಟ ಗ್ರಾಮದಲ್ಲಿ ಬುಧವಾರ…" ಎಂದು ಸಾರಾಂಶ ಮುಗಿಯುತ್ತಿತ್ತು. ಬುಧವಾರ ಏನಾಯಿತು ಎಂಬುದು ಆ ದೇವರಿಗೇ ಗೊತ್ತು.

"ಸರ್ ಸಹ್ಯಾದ್ರಿ ಇಳಿದು ಬರೂದ್ರೊಳಗೆ ಚುಕ್ಕಿ ಬಿದ್ದೋಯ್ತು," ಎಂದು ಮಂಗಲಾ ನಗುತ್ತಿದ್ದಳು.

ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚಿ ಒಟ್ಟಿಗೆ ಉಣ್ಣುತ್ತಿದ್ದೆವು. ಆಗಲೇ ಅವಳು ಅಣ್ಣನ ವಿಷಯ ಹೇಳಿದ್ದು. ಅಣ್ಣ ಪಾಂಡುರಂಗ ಎರಡು ಮಳೆಗಾಲದ ಹಿಂದೆ ಮನೆ ಬಿಟ್ಟು ಹೋಗಿದ್ದ. ಬಿಟ್ಟು ಹೋಗಿದ್ದ ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಗೋವೆಗೆ ಕೆಲಸಕ್ಕೆ ಹೋದವನು ಎನ್ನಬೇಕು. ಗದ್ದೆ ನೆಟ್ಟಿ ಮುಗಿದ ಮೇಲೆ ಅಲ್ಲಿಯ ಹೋಟೆಲುಗಳಿಗೆ ಕೆಲಸಕ್ಕೆ ಹೋಗಿ ಚೌತಿಗೆ ಮರಳುವುದು ಅವನ ರೂಢಿ. ಆ ವರ್ಷ ಹೋಗುವುದು ಬೇಡವೆಂದು ಹೆಂಡತಿ ಸುಮಾ ತಡೆದಳು, ಮಾತಿಗೆ ಮಾತು ಬೆಳೆಯಿತು, ಕೊಡೆಯನ್ನೂ ಹಿಡಿಯದೆ ಮಳೆಯಲ್ಲಿ ಹೋದ. ಚೌತಿ ಬಂತು, ಅವನು ಬರಲಿಲ್ಲ. ಫೋನ್ ಹತ್ತಲಿಲ್ಲ. ಸಿಟ್ಟು ಇಳಿದ ಮೇಲೆ ಬರುತ್ತಾನೆ ಎಂದು ಮನೆಯವರು ಕಾದರು. ಪೊಲೀಸರಿಗೆ ಹೇಳಲಿಲ್ಲ. ಕೆಲಸಕ್ಕೆ ಹೋದವನನ್ನು ಕಾಣೆಯಾದವನು ಎಂದು ಯಾರಾದರೂ ಬರೆಸುತ್ತಾರೆಯೇ?

"ಸುಮಾ ವೈನಿ ಹೆಸರು ಎಡಗೈ ಮೇಲೆ ಹಚ್ಚೆ ಹಾಕಿಸ್ಕಂಡಿದ್ದ," ಎಂದಳು ಒಂದು ದಿನ. "ಅವ್ಳು ಇವ್ನ ಹೆಸ್ರು ಬಾಯಲ್ಲಿ ಹೇಳೂದಿಲ್ಲ, ಇವ್ನು ನೋಡಿದ್ರೆ ಅವ್ಳ ಹೆಸ್ರು ಮೈಮೇಲೇ ಬರೆಸ್ಕಂಡ್ ಬಂದ. ಅಪ್ಪ ಅವ್ನಿಗೆ ಎಷ್ಟು ಬೈದಿದ್ರು. ಗಡಿಯಾರ ಕೊಡಿಸಿದ್ರೆ ಒಂದಿನ ಕಟ್ಟಿದವ್ನಲ್ಲ ಪುಣ್ಯಾತ್ಮ. ಕೈ ಮುಚ್ಚಿ ಹೋಗ್ತದೆ ಅಂತಿದ್ದ. ರೈಲು ಹೋದ್ರೆ ಗಂಟೆ ಎಷ್ಟಾಯ್ತು ಹೇಳ್ತಿದ್ದ."

ಆಷಾಢ ಮುಗಿಯುವ ಹೊತ್ತಿಗೆ ತಾಣವೂ ಮುಗಿಯಿತು. ಒಂದು ಬೆಳಿಗ್ಗೆ ವಿಳಾಸ ಹಾಕಿದರೆ ಬರಿ ಬಿಳಿ ಪುಟ. ಸರ್ ಮುಖ ಸಣ್ಣ ಮಾಡಿಕೊಂಡು ಕೊಡೆ ಎತ್ತಿಕೊಂಡು ಅಂಕೋಲೆಗೆ ಹೋದರು. ನಾವಿಬ್ಬರೂ ಉಳಿದೆವು, ತೆಗೆದಿಟ್ಟದ್ದನ್ನು ಓದಿ ತಿದ್ದಿ ಧಾರವಾಡಕ್ಕೆ ಕಳಿಸಲು. ತೆಗೆಯುವಾಗ ಯಾರೂ ಓದಿರಲಿಲ್ಲ. ಓದುವ ಕೆಲಸವನ್ನು ಶ್ರಾವಣಕ್ಕೆ ಇಟ್ಟುಕೊಂಡಿದ್ದೆವು. ಎಲ್ಲ ಕೆಲಸಕ್ಕೂ ಒಂದು ಕ್ರಮ ಇರಬೇಕೆಂದು ಹಾಗೆ ಗೊತ್ತುಮಾಡಿದ್ದೂ ನಾನೇ.

ನಾನು ಪರದೆ ನೋಡಿ ಓದುವುದು, ಅವಳು ತಪ್ಪು ಕಂಡಲ್ಲಿ ತಿದ್ದುವುದು. ಹೊರಗೆ ಮಳೆ ಸ್ವಲ್ಪ ಬಿಟ್ಟಿತ್ತು. ಮಹಡಿಯ ಕೆಳಗೆ ಯಾರೋ ಮೀನಿನ ಬುಟ್ಟಿ ಇಳಿಸಿ ಜಗಳವಾಡುತ್ತಿದ್ದರು. ನಾನು ಎಂದಿನ ಲಹರಿಯಲ್ಲಿ, ಸರ್ ಅವರ ಪೀಠಿಕೆಗೆ ತಕ್ಕ ರಾಗ ಹಚ್ಚಿ ಓದುತ್ತಿದ್ದೆ.

"ಮಾಜಾಳಿ ಕಡಲತೀರದಲ್ಲಿ ಅಪರಿಚಿತ ಪುರುಷನ ಶವ. ಸಾರಾಂಶ, ವಾರವಿಡೀ ಎಡೆಬಿಡದೆ ಸುರಿದ ಮಳೆಗೆ ಕಡಲು ಉಕ್ಕೇರಿದ್ದು, ಸೋಮವಾರ ಬೆಳಿಗ್ಗೆ ಇಲ್ಲಿಯ ತೀರದಲ್ಲಿ ಸುಮಾರು ನಲವತ್ತರ ಪ್ರಾಯದ ಪುರುಷನ ಶವ ಕಂಡುಬಂದಿದೆ. ಮೃತನ ಎಡಗೈ ಮೇಲೆ…"

ಮಂಗಲಾಳ ಕೈ ಕೀಲಿಮಣೆಯ ಮೇಲೆ ನಿಂತಿತ್ತು.

"ಮುಂದೆ?" ಎಂದಳು.

"ಮುಂದೆ ಇಲ್ಲ. ಚುಕ್ಕಿ."

"ತಾರೀಕು?"

ಓದಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಲಿಲ್ಲ. ಆ ದಿನ ಅವಳಿಗೆ ಬಾಯಿಪಾಠವಾಗಿತ್ತು. ಅಣ್ಣ ಮನೆಯಿಂದ ಹೊರಟ ಮರುವಾರದ ಸೋಮವಾರ ಅದು. ಮಾಜಾಳಿ ಇರುವುದು ಗೋವೆಯ ದಾರಿಯಲ್ಲಿ, ಗಡಿಯ ಹತ್ತಿರ. ನಾನು ರಾಗ ಹಚ್ಚಿ ಓದಿದ್ದೆನಲ್ಲ ಎಂಬುದೇ ನನಗೆ ಮೊದಲು ಬಂದ ಯೋಚನೆ. ಇಂದಿಗೂ ನಾಚಿಕೆಯಾಗುತ್ತದೆ.

ಪುಟ ತೆರೆಯಲು ನೋಡಿದೆ, ಬಿಳಿ. ಹಳೆಯ ಪುಟಗಳ ನಕಲು ಇಡುವ ತಾಣಗಳಲ್ಲಿ ಹುಡುಕಿದೆ. ಸರ್ ಅವರ ಮುಖಪುಟ ಸಿಕ್ಕಿತು, ಈ ಪುಟ ಸಿಗಲಿಲ್ಲ. ಬೇರೆ ಪತ್ರಿಕೆಗಳು ಗುರುತಿಲ್ಲದ ಶವಕ್ಕೆ ಎರಡು ಸಾಲಿಗಿಂತ ಹೆಚ್ಚು ಜಾಗ ಕೊಡುವುದಿಲ್ಲ. ಕೈ ಮೇಲೆ ಏನಿತ್ತು ಎಂದು ಬರೆಯುವಷ್ಟು ತಾಳ್ಮೆ ಇದ್ದದ್ದು ಸರ್ ಒಬ್ಬರಿಗೇ. ನನ್ನ ಪ್ರೋಗ್ರಾಂ ಆ ಪುಟದ ಬಾಗಿಲವರೆಗೆ ಹೋಗಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಒಡಲೂ ಬರುತ್ತಿತ್ತು. ಬೇಡವೆಂದು ಬಾಗಿಲು ಎಳೆದುಕೊಂಡು ಬಂದಿತ್ತು.

"ಡಿಸ್ಕ್ ಇದೆಯಲ್ಲ," ಎಂದೆ. ಮರುದಿನ ಬೆಳಿಗ್ಗೆಯೇ ಅಂಕೋಲೆಯ ಬಸ್ಸು ಹತ್ತಿದೆವು. ದಾರಿಯಲ್ಲಿ ಹಾರವಾಡದ ತಿರುವು ಬಂದಾಗ ಮಂಗಲಾ ಮುಖ ಆಚೆ ತಿರುಗಿಸಿದಳು.

ಸರ್ ಅವರ ಹೆಂಡತಿಯನ್ನು ಊರೆಲ್ಲ ಅಕ್ಕೋರು ಎನ್ನುತ್ತದೆ, ಅವರೂ ಶಾಲೆಯಲ್ಲಿ ಕಲಿಸಿದವರು. ಡಿಸ್ಕ್ ಎಂದೊಡನೆ ಅವರ ಮುಖ ಅರಳಿತು.

"ಕಪಾಟಲ್ಲಿ ಇಟ್ರೆ ಬೂಸ್ಟು ಹಿಡೀತದೆ ಮಾರಾಯ್ತಿ. ಹೋದ ಮಳೆಗಾಲದಲ್ಲಿ ನನ್ನ ರೇಷ್ಮೆ ಸೀರೆನೇ ಹಾಳಾಯ್ತು. ಅದ್ಕೆ ನಾನೇ ಬೆಚ್ಚಗಿರೂ ಜಾಗದಲ್ಲಿ ಇಟ್ಟೇನೆ," ಎನ್ನುತ್ತ ಬಚ್ಚಲಿಗೆ ಹೋದರು. ಸ್ಟೂಲು ಹತ್ತಿ, ಹಂಡೆಯ ಒಲೆಯ ಮೇಲಿನ ಅಟ್ಟಕ್ಕೆ ಕೈ ಹಾಕಿ, ಮುರುಗಲ ಸಿಪ್ಪೆಯ ಡಬ್ಬಿ ಸರಿಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟನ್ನು ಮಗುವಿನ ಹಾಗೆ ಇಳಿಸಿದರು. ಬೀಜದ ಸೌತೆ, ತೆಂಗಿನಕಾಯಿ, ಬೆಂಕಿಪೊಟ್ಟಣ, ಮನೆಯ ಕಾಗದಪತ್ರ, ಮಳೆಯಿಂದ ಕಾಪಾಡಬೇಕಾದ್ದನ್ನೆಲ್ಲ ನಮ್ಮವರು ಇಡುವುದು ಅಲ್ಲೇ. ತಲೆತಲಾಂತರದಿಂದ ಆ ಅಟ್ಟ ಯಾರಿಗೂ ಮೋಸ ಮಾಡಿರಲಿಲ್ಲ.

ಗಂಟು ಬಿಚ್ಚಿದರು. "ನೋಡು, ಒಂದು ಚುಕ್ಕಿ ಬೂಸ್ಟು ಇಲ್ಲ," ಎಂದರು.

ಬೂಸ್ಟು ಇರಲಿಲ್ಲ. ಕಪ್ಪಗೆ ಎಣ್ಣೆಯಂಥ ಮಸಿ ಇತ್ತು. ದಿನಕ್ಕೆರಡು ಸಲ ಕಾಯುವ ಒಲೆಯ ಮೇಲೆ, ಹೊಗೆಯಲ್ಲಿ, ಆ ಡಿಸ್ಕು ಮಳೆ ಶುರುವಾದಾಗಿನಿಂದ ಬೆಂದಿತ್ತು. ಲ್ಯಾಪ್‌ಟಾಪಿಗೆ ಜೋಡಿಸಿದರೆ ಒಳಗೆ ಏನೋ ಟಿಕ್ ಎಂದಿತು, ಮತ್ತೆ ಟಿಕ್ ಎಂದಿತು, ಸುಮ್ಮನಾಯಿತು. ಮುಂದೆ ಅದನ್ನು ಹುಬ್ಬಳ್ಳಿಯವರೆಗೆ ಕಳಿಸಿ ನೋಡಿದ್ದೂ ಆಯಿತು. ತಿರುಗುವ ತಟ್ಟೆಯೇ ಕೆಟ್ಟಿದೆ, ಏನೂ ಮಾಡಲಾಗದು ಎಂದು ಹಿಂದಕ್ಕೆ ಬಂತು.

ಅಕ್ಕೋರು ಯಾಕೆಂದು ಕೇಳಿದರು. ಮಂಗಲಾ ಹೇಳಿದಳು. ಅವರು ಸ್ಟೂಲಿನ ಮೇಲೆಯೇ ಕೂತು ಆ ಸೀರೆಯ ತುಂಡನ್ನು ಮಡಚತೊಡಗಿದರು. ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಅವರಿಗೆ ಯಾರು ಏನೆನ್ನಲು ಸಾಧ್ಯ? ನಾನಾಗಿದ್ದರೂ ಅಲ್ಲೇ ಇಡುತ್ತಿದ್ದೆನೇನೋ.

ಸರ್ ಮಂಜುಗಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದರು. "ಫೋನ್‌ನಲ್ಲಿ ಕೇಳಿ ಬರ್ದದ್ದು ತಂಗಿ. ಎಡಗೈ ಮೇಲೆ… ಹಚ್ಚೆ ಅಂತ ಬರ್ದೆನೋ. ಇನ್ನೊಂದು ಶವಕ್ಕೆ ಗಡಿಯಾರ ಅಂತ ಬರ್ದ ನೆನಪು. ಗಾಯದ ಕಲೆ ಅಂತಲೂ ಬರ್ದಿದ್ದೆ ಯಾವುದೋ ಒಂದಕ್ಕೆ." ಆಮೇಲೆ ಕೈ ಚೆಲ್ಲಿದರು. "ಮಳೆಗಾಲದಲ್ಲಿ ಕಡಲು ಎಷ್ಟು ಜನರನ್ನ ತಂದು ಹಾಕ್ತದೆ. ಸುಳ್ಳು ಹೇಳಲಾರೆ."

ಅವರೇ ಇನ್ನೊಂದು ದಾರಿ ತೋರಿಸಿದರು. ಠಾಣೆಯಲ್ಲಿ ದಾಖಲೆ ಇದ್ದೇ ಇರುತ್ತದೆ, ಫೋಟೋ ಕೂಡ ಇರಬಹುದು. ಆದರೆ ಮನೆಯವರೇ ಹೋಗಿ ಕೇಳಬೇಕು. ನನ್ನ ಗಂಡ ಕಾಣೆಯಾಗಿದ್ದಾನೆ ಎಂದು ಹೆಂಡತಿ ಬರೆದುಕೊಟ್ಟರೆ ಹಳೆಯದನ್ನು ತೆಗೆದು ತೋರಿಸುತ್ತಾರೆ.

ಮಂಗಲಾ ತಾನೊಬ್ಬಳೇ ವೈನಿಗೆ ಹೇಳಲಾರೆ, ನೀನೂ ಬಾ ಎಂದಳು. ಹಾರವಾಡದಲ್ಲಿ ಸುಮಾ ವೈನಿ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ನಮ್ಮನ್ನು ಕಂಡು ಬದುವಿಗೆ ಬಂದಳು. ಕೈತುಂಬ ಹಸಿರು ಬಳೆ, ಮಳೆಗೆ ಕರಗಿ ಮೂಗಿನವರೆಗೆ ಇಳಿದ ಕುಂಕುಮ. ನಾನು ಫೋನ್ ತೆಗೆದು ಆ ಸಾಲನ್ನು ಓದಿದೆ. ಈ ಸಲ ಯಾವ ರಾಗವೂ ಇರಲಿಲ್ಲ.

"ಮುಂದೆ?" ಎಂದಳು ಅವಳೂ.

ಮುಂದೆ ಯಾಕಿಲ್ಲ ಎಂದು ಹೇಳಬೇಕಾಯಿತು. ತಲೆಭಾಗ, ಒಡಲು, ಡಿಸ್ಕು, ಒಲೆ. ಅವಳು ಕೆಸರಿನ ಕೈಯನ್ನು ದೂರ ಹಿಡಿದುಕೊಂಡು ಎಲ್ಲ ಕೇಳಿದಳು. ಠಾಣೆಯ ಮಾತನ್ನು ಮಂಗಲಾ ಹೇಳಿದಳು.

"ಅಲ್ಲಿ ಬರ್ದಿದ್ದು ಓದೂಕೆ ಸಿಕ್ಕಿದ್ರೆ ಓದ್ತಿದ್ದೆ ತಂಗಿ," ಎಂದಳು ವೈನಿ ನನಗೆ. "ಹೌದಾದ್ರೆ ಹೌದು, ಅಲ್ಲಾದ್ರೆ ಅಲ್ಲ. ಹಣೇಲಿ ಇದ್ದದ್ದು ಅಂದೇಳಿ ತಕಣ್ತಿದ್ದೆ. ಈಗ ನಾನೇ ಎದ್ದು ಹೋಗಿ, ಇವ್ರು ಸತ್ತಿರ್ಬೋದು, ನೋಡಿ ಹೇಳ್ರಿ ಅಂದೇಳಿ ಬರ್ಕೊಡ್ಬೇಕಾ? ಹೋಗೂ ದಿನ ಜಗಳ ಆಡಿ ಕಳ್ಸಿದವ್ಳು ನಾನು. ಇದೂ ನನ್ನ ಕೈಯಿಂದ್ಲೇ ಆಗ್ಬೇಕಾ? ನಂಗೆ ಆಗೂದಿಲ್ಲ."

ಮಂಗಲಾ ತಾನೇ ಹೋಗುತ್ತೇನೆ ಎಂದಳು. ವೈನಿ ಅವಳ ಮುಖ ನೋಡಿದಳು. "ನೀ ಹೋದ್ರೂ ನಾ ಕಳ್ಸಿದ್ಹಂಗೇ ಆಯ್ತು," ಎಂದು ಗದ್ದೆಗೆ ಇಳಿದಳು. ಮಂಗಲಾ ಹೋಗಲಿಲ್ಲ.

ಆ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಓದಲು ಸಿಕ್ಕಿದ್ದರೆ ಓದುತ್ತಿದ್ದೆ ಎಂದಳು. ತಾನಾಗಿ ಬಂದ ಸುದ್ದಿಯನ್ನು ಹೊರಲು ಅವಳು ತಯಾರಿದ್ದಳು. ಹುಡುಕಿಕೊಂಡು ಹೋಗುವುದು ಮಾತ್ರ ಅವಳಿಂದಾಗದ ಕೆಲಸ. ನಾವು ಅವಳಿಗೆ ಅರ್ಧ ಸುದ್ದಿ ಒಯ್ದು ಕೊಟ್ಟೆವು. ಏನೂ ಕೊಡದೆ ಇದ್ದಿದ್ದರೆ ಮೊದಲಿನ ಹಾಗೆ ಸಿಟ್ಟು ಮಾಡಿಕೊಂಡಾದರೂ ಕಾಯುತ್ತಿದ್ದಳು. ಪೂರ್ತಿ ಕೊಟ್ಟಿದ್ದರೆ ಅತ್ತು ಮುಗಿಸುತ್ತಿದ್ದಳು. ಅದಾದ ಮೇಲೆ ನಾನು ಏನನ್ನು ತೆಗೆದರೂ ಪುಟ ಪೂರ್ತಿ ಇಳಿಸಿಯೇ ತೆಗೆಯುತ್ತೇನೆ, ನೆಟ್ ಹೋದರೆ ಕಾಯುತ್ತೇನೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಸೂಚಿಯನ್ನು ಧಾರವಾಡಕ್ಕೆ ಕಳಿಸಿದೆವು. ಬಹಳ ಉಪಯೋಗವಾಯಿತು ಎಂದು ಸರ್ ಅವರ ಶಿಷ್ಯ ಬರೆದ. ನನಗೆ ಮಲ್ಲಾಪುರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಮಂಗಲಾಳ ಮದುವೆ ಹಣಕೋಣಕ್ಕೆ ಆಯಿತು. ಮದುವೆಯ ದಿನ ಆರತಿಯ ಹರಿವಾಣ ಹಿಡಿಯಲು ಮುತ್ತೈದೆಯರನ್ನು ಕರೆದಾಗ ವೈನಿಯನ್ನೂ ಕರೆದರು. ಅವಳು "ಕೈ ಒದ್ದೆ ಅದೆ, ನೀವು ಹಿಡೀರಿ" ಎಂದು ಅಡುಗೆಯ ಕಡೆ ಹೋದಳು. ಅವಳ ಕೈ ಒದ್ದೆಯಿರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

ಹೋದ ವಾರ ನಾನು ಬಚ್ಚಲಿನಿಂದ ಹೊರಗೆ ಬರುವಾಗ ಸುಮಾ ವೈನಿ ಜಗಲಿಯಲ್ಲಿ ಕೂತಿದ್ದಳು, ನಾದಿನಿಯ ಮನೆಗೆ ಅವಳೂ ಬಂದಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಬಳೆ ಹಾಗೇ ಇವೆ. ಮಂಗಲಾ ಚಹಾ ಮಾಡಲು ಒಳಗೆ ಹೋದಾಗ ವೈನಿ ಸ್ವಲ್ಪ ಸರಿದು ನನಗೆ ಜಾಗ ಮಾಡಿದಳು. ಮಳೆ, ಶಾಲೆ, ನನ್ನ ಆಯಿಯ ಮೊಣಕಾಲು, ಎಲ್ಲ ವಿಚಾರಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಅವತ್ತು ಗದ್ದೇಲಿ ಓದಿದ್ಯಲ್ಲ ತಂಗಿ, ಅದು ಇನ್ನೊಂದ್ಸಲ ಹೇಳು."

ಫೋನ್ ತೆಗೆಯುವ ಅಗತ್ಯ ಇರಲಿಲ್ಲ. ಹೇಳಿದೆ. ಎಡಗೈ ಮೇಲೆ ಎಂಬಲ್ಲಿಗೆ ನಿಲ್ಲಿಸಿದೆ. ಅವಳು ಬಳೆಗಳನ್ನು ಒಂದೊಂದಾಗಿ ಹಿಂದೆ ಸರಿಸುತ್ತ ಕೇಳಿದಳು.

"ನೀನು ಅಂಥಾದ್ದು ಬೇಕಷ್ಟು ಓದಿದವ್ಳು. ಎಡಗೈ ಮೇಲೆ ಅಂದ್ರೆ ಮುಂದೆ ಎಂತ ಬರೀತ್ರು, ಹೆಚ್ಚಾಗಿ?"

ಒಳಗಿನಿಂದ ಹೊಗೆಯ ವಾಸನೆ ಬರುತ್ತಿತ್ತು. ನಾನು ಅಂಗಳ ನೋಡುತ್ತ ಹೇಳಿದೆ.

"ಗಡಿಯಾರ ಅಂತ ಬರೀತಾರೆ ವೈನಿ. ಹೆಚ್ಚಾಗಿ ಗಡಿಯಾರವೇ ಇರ್ತದೆ."

"ಅವ್ರು ಗಡಿಯಾರ ಕಟ್ತಿರಲಿಲ್ಲ," ಎಂದಳು ವೈನಿ. ಹೇಳುವಾಗ ಅವಳ ಮುಖ ಸಡಿಲಾಯಿತು. ಸೆರಗಿನಿಂದ ಹಣೆ ಒರೆಸಿಕೊಂಡು, ಕುಂಕುಮ ಸರಿಯಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

ಅವರು ಗಡಿಯಾರ ಕಟ್ಟುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಮಂಗಲಾ ಹೇಳಿದ್ದಳು.